ಅಪ್ಪನ ಸ್ಟುಡಿಯೋದ 120 ಫಿಲ್ಮ್ ನೆಗೆಟಿವ್‌ಗಳು: ಎಪ್ಸನ್ ವಿ600ರಲ್ಲಿ ಸ್ಕ್ಯಾನ್ ಮಾಡುವುದು ಹೇಗೆ?

ಮಲೆನಾಡ್ ಮಗಳು (ಸಾಗರ):

ಎಲ್ಲರಿಗೂ ನಮಸ್ಕಾರ. ಅಪ್ಪ ಸಾಗರದಲ್ಲಿ ಸ್ಟುಡಿಯೋ ಇಟ್ಟಿದ್ದರು. ಯಾಶಿಕಾ ಮ್ಯಾಟ್ ಕ್ಯಾಮೆರಾ, 120 ಫಿಲ್ಮ್ (ಸುಮಾರು 6 ಸೆಂ.ಮೀ. ಅಗಲದ ರೋಲ್), ಹೆಚ್ಚಿನವೆಲ್ಲ ಕಪ್ಪು ಬಿಳುಪು. ಒಂದೊಂದು ಫ್ರೇಮನ್ನೂ ಬಿಡಿಬಿಡಿಯಾಗಿ ಕತ್ತರಿಸಿ, ಬಟರ್ ಪೇಪರ್ ಕವರಿಗೆ ಹಾಕಿ, ಮೇಲೆ ನಂಬರು ಮತ್ತು ಊರಿನ ಹೆಸರು ಬರೆದಿಟ್ಟಿದ್ದಾರೆ. ಅದರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿದ ಊರುಗಳವರ ಫೋಟೋಗಳೂ ಇವೆ. ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಆ ಮನೆಗಳವರು ಈಗಲೂ ಬಂದು "ನಮ್ಮಜ್ಜಿದೊಂದು ಫೋಟೋ ಇರಬಹುದಾ" ಅಂತ ಕೇಳುತ್ತಾರೆ. ಎಷ್ಟೋ ಜನರ ಹತ್ತಿರ ಪ್ರಿಂಟು ಉಳಿದಿಲ್ಲ. ಹಾಗಾಗಿ ಇದನ್ನು ಸುಮ್ನೆ ಹವ್ಯಾಸ ಅಂತ ಮಾಡುತ್ತಿಲ್ಲ, ಸರಿಯಾಗಿ ಆಗಬೇಕು.

ಎಪ್ಸನ್ ವಿ600 ಸ್ಕ್ಯಾನರ್ ತಗೊಂಡಿದ್ದೇನೆ. ಬಿಡಿ ಫ್ರೇಮುಗಳು ಫಿಲ್ಮ್ ಹಿಡಿಯುವ ಹೋಲ್ಡರಿನಲ್ಲಿ ನಿಲ್ಲುವುದಿಲ್ಲ, ಸುರುಳಿ ಸುತ್ತಿಕೊಂಡು ಜಾರುತ್ತವೆ. ನೇರವಾಗಿ ಗಾಜಿನ ಮೇಲೆ ಇಟ್ಟರೆ ಚಿತ್ರದ ಮೇಲೆ ಉಂಗುರ ಉಂಗುರ ಬರುತ್ತದೆ. ಡಿಜಿಟಲ್ ಐಸ್ (ಸ್ಕ್ಯಾನರಿನ ಧೂಳು ತೆಗೆಯುವ ಸೌಲಭ್ಯ) ಹಾಕಿದರೆ ಧೂಳು ಹೋಗುವುದರ ಬದಲು ಮುಖವೇ ಕಲಸಿದಂತಾಗುತ್ತದೆ. ಎಷ್ಟು ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ) ಇಡಬೇಕು? ಕೆಲವಕ್ಕೆ ಬಿಳಿ ಬೂಸ್ಟು ಹಿಡಿದಿದೆ. ಇನ್ನೊಂದು ವಿಷಯ: ತುಂಬಾ ನೆಗೆಟಿವ್‌ಗಳಲ್ಲಿ ಮುಖದ ಜಾಗದಲ್ಲಿ ಮಾತ್ರ ಬೂದು ಬಣ್ಣದ ಸಣ್ಣ ಸಣ್ಣ ಗೀಚುಗಳಿವೆ. ಅಂಗಡಿಯವರು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ ಅಂದರು. ಇನ್ನೂ ಒರೆಸಿಲ್ಲ. ಒರೆಸಬಹುದಾ?

ಚೌಕಟ್ಟು (ಬೆಂಗಳೂರು):

ಐಸ್ ಮೊದಲು ಆಫ್ ಮಾಡಿ. ಅದು ಇನ್ಫ್ರಾರೆಡ್ ಬೆಳಕಿನಿಂದ ಧೂಳು ಹುಡುಕುತ್ತದೆ. ಕಲರ್ ನೆಗೆಟಿವ್‌ನಲ್ಲಿ ಉಳಿದಿರುವುದು ಬಣ್ಣದ ಡೈ, ಅದರ ಮೂಲಕ ಇನ್ಫ್ರಾರೆಡ್ ಹಾದು ಹೋಗುತ್ತದೆ. ಕಪ್ಪು ಬಿಳುಪಿನದರಲ್ಲಿ ಚಿತ್ರವೇ ಬೆಳ್ಳಿ. ಬೆಳ್ಳಿ ಆ ಬೆಳಕನ್ನು ತಡೆಯುತ್ತದೆ. ಸ್ಕ್ಯಾನರಿಗೆ ಇಡೀ ಮುಖವೇ ಧೂಳು ಅನ್ನಿಸುತ್ತದೆ.

ಡಬ್ಬದ ಮೇಲೆ 6400 ಅಂತ ಇದ್ದರೂ ವಿ600ರಿಂದ ನಿಜವಾಗಿ ಸಿಗುವ ವಿವರ 1600ರ ಆಸುಪಾಸು. 2400ಕ್ಕೆ ಇಡಿ, ಸಾಕು. ಹೆಸರಿಗೆ 6x6 ಸೆಂ.ಮೀ. ಫ್ರೇಮ್ ಅಂದರೂ ಅಳತೆಯಲ್ಲಿ ಒಂದು ಬದಿ 56 ಮಿಲಿಮೀಟರ್. 2400ಕ್ಕೆ ಒಂದು ಬದಿಗೆ ಸುಮಾರು 5,300 ಪಿಕ್ಸೆಲ್ ಬರುತ್ತದೆ. 16 ಬಿಟ್ ಗ್ರೇಸ್ಕೇಲ್ ಟಿಫ್ ಫೈಲ್ ಒಂದಕ್ಕೆ 56 ಎಂಬಿ ಆಗುತ್ತದೆ. ಅದರಿಂದ 12 ಇಂಚಿನ ಪ್ರಿಂಟು ಚೆನ್ನಾಗಿಯೇ ಬರುತ್ತದೆ. 6400ಕ್ಕೆ ಇಟ್ಟರೆ ಫೈಲು ದೊಡ್ಡದಾಗುತ್ತದೆ ಅಷ್ಟೆ, ಕಣ್ರೆಪ್ಪೆ ಜಾಸ್ತಿ ಕಾಣುವುದಿಲ್ಲ.

ಉಂಗುರಗಳಿಗೆ ನ್ಯೂಟನ್ ರಿಂಗ್ಸ್ ಅನ್ನುತ್ತಾರೆ. ಫಿಲ್ಮಿನ ಹೊಳೆಯುವ ಬದಿ ಗಾಜಿಗೆ ತಾಗಿದಾಗ ಬರುತ್ತವೆ. ಮಂಕಾಗಿರುವ ಎಮಲ್ಷನ್ ಬದಿಯನ್ನು (ಚಿತ್ರವಿರುವ ಬದಿ) ಕೆಳಗೆ ಮಾಡಿ ಇಡಿ, ಆಮೇಲೆ ಚಿತ್ರವನ್ನು ಎಡಬಲ ತಿರುಗಿಸಿಕೊಳ್ಳಿ. ಆದರೆ ಗಾಜಿನ ಮೇಲಿಡುವುದಕ್ಕಿಂತ ಹೋಲ್ಡರೇ ಮೇಲು. ಈ ಸ್ಕ್ಯಾನರಿನ ಫೋಕಸ್ ಬದಲಾಯಿಸಲು ಬರುವುದಿಲ್ಲ, ಹೋಲ್ಡರಿನ ಎತ್ತರಕ್ಕೆ ಹೊಂದಿಸಿರುತ್ತಾರೆ.

ಕತ್ತಲೆಕೋಣೆ (ಧಾರವಾಡ):

ಆಲ್ಕೋಹಾಲ್ ಬಾಟಲಿ ದೂರ ಇಡಿ ತಂಗಿ. ದಯವಿಟ್ಟು. ಆ ಗೀಚು ಕೊಳೆಯಲ್ಲ. ಅದು ರೀಟಚಿಂಗ್, ಮುಖ ತಿದ್ದಲು ಹಾಕಿದ ಪೆನ್ಸಿಲ್ ಗುರುತು. ನಾನು ಸ್ಟುಡಿಯೋದಲ್ಲಿ ಆ ಕೆಲಸವನ್ನೇ ಮಾಡಿದವನು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕೆಲಸ ಹೀಗಿತ್ತು. ಡೆಸ್ಕಿನ ಮೇಲೆ ಮಸುಕು ಗಾಜು, ಕೆಳಗೆ ಕಿಟಕಿಯ ಬೆಳಕನ್ನು ಮೇಲೆ ಹಾಯಿಸುವ ಕನ್ನಡಿ. ನೆಗೆಟಿವ್ ಮೇಲೆ ರೀಟಚಿಂಗ್ ಮೀಡಿಯಂ ಒಂದು ತೊಟ್ಟು ಹಾಕಿ ಬಟ್ಟೆಯಿಂದ ತೆಳುವಾಗಿ ಉಜ್ಜಬೇಕು, ಇಲ್ಲದಿದ್ದರೆ ಪೆನ್ಸಿಲ್ ಹಿಡಿಯುವುದಿಲ್ಲ. ಗಟ್ಟಿ ಸೀಸದ ಪೆನ್ಸಿಲನ್ನು ಮರಳುಕಾಗದದ ಮೇಲೆ ಉದ್ದಕ್ಕೆ ಉಜ್ಜಿ ಮೊನೆ ತೆಗೆಯುತ್ತಿದ್ದೆವು. ಆಮೇಲೆ ಕಣ್ಣಿನ ಕೆಳಗಿನ ಕಪ್ಪು, ಸಿಡುಬಿನ ಕಲೆ, ಹಣೆಯ ಗೆರೆ. ಇವೆಲ್ಲ ನೆಗೆಟಿವ್‌ನಲ್ಲಿ ತೆಳುವಾಗಿ, ಪಾರದರ್ಶಕವಾಗಿ ಕಾಣುತ್ತವೆ. ಅಲ್ಲಿ ಪೆನ್ಸಿಲ್ ತುಂಬಿದರೆ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಗೆರೆ ಎಳೆಯುವ ಹಾಗಿಲ್ಲ. ಸಣ್ಣ ಸಣ್ಣ ಅಲ್ಪವಿರಾಮ ಹಾಕುತ್ತಾ ಹೋಗಬೇಕು, ಸುತ್ತಲಿನ ಬಣ್ಣಕ್ಕೆ ಸೇರುವವರೆಗೆ. ನೀವು ಕವರಿನಿಂದ ಒಂದು ನೆಗೆಟಿವ್ ತೆಗೆದು, ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಆ ಅಲ್ಪವಿರಾಮಗಳು ಹೊಳೆಯುತ್ತವೆ. ಪ್ರತಿಯೊಬ್ಬರ ಕೈ ಬೇರೆ. ನಿಮ್ಮ ತಂದೆಯವರೇ ಮಾಡಿದ್ದರೆ, ಹತ್ತಾರು ನೋಡುವಷ್ಟರಲ್ಲಿ ಅವರ ಕೈ ನಿಮಗೆ ಗುರುತು ಸಿಗುತ್ತದೆ.

ಆಲ್ಕೋಹಾಲ್ ಹಾಕಿದರೆ ಮೀಡಿಯಂ ಕರಗುತ್ತದೆ, ಜೊತೆಗೆ ಪೆನ್ಸಿಲೂ ಹೋಗುತ್ತದೆ. ಒಮ್ಮೆ ಹೋದರೆ ಮತ್ತೆ ತರಲು ಬರುವುದಿಲ್ಲ. ಆ ಅಜ್ಜಿ ಮನೆಗೆ ಒಯ್ದ ಫೋಟೋದಲ್ಲಿ ಇದ್ದ ಮುಖ ಪೆನ್ಸಿಲ್ ಸಮೇತ ಇದ್ದ ಮುಖ. ಅದನ್ನೇ ಅವರ ಮೊಮ್ಮಕ್ಕಳಿಗೆ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ಕೆಲವರು "ಒರಿಜಿನಲ್ ಮುಖ ಬೇಕು" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹಣ ಕೊಟ್ಟು, ಒಳ್ಳೆ ಸೀರೆ ಉಟ್ಟು ಬಂದವರಿಗೆ ತಾವು ಹೀಗೆ ಕಾಣಬೇಕು ಅನ್ನುವ ಆಸೆ ಇತ್ತಲ್ವಾ?

ಸ್ಕ್ಯಾನಿನಲ್ಲಿ ಗೀಚು ಎದ್ದು ಕಾಣಲು ಕಾರಣ ಇದೆ. ನಾವು ಚಿಕ್ಕ ಕ್ಯಾಬಿನೆಟ್ ಸೈಜಿನ ಪ್ರಿಂಟಿಗೆ ಲೆಕ್ಕ ಹಾಕಿ ಕೆಲಸ ಮಾಡುತ್ತಿದ್ದೆವು. ನೀವು ಪರದೆ ಮೇಲೆ ಒಂದೊಂದು ಪಿಕ್ಸೆಲ್ ಕಾಣುವಷ್ಟು ಹಿಗ್ಗಿಸಿ ನೋಡುತ್ತಿದ್ದೀರಿ. ಎಪ್ಸನ್ ಸ್ಕ್ಯಾನ್‌ನಲ್ಲಿ ಅನ್‌ಶಾರ್ಪ್ ಮಾಸ್ಕ್ (ಅಂಚುಗಳನ್ನು ಚೂಪು ಮಾಡುವ ಆಯ್ಕೆ) ಟಿಕ್ ಇದ್ದರೆ ತೆಗೆಯಿರಿ, ಅದು ಪೆನ್ಸಿಲನ್ನು ಎತ್ತಿ ತೋರಿಸುತ್ತದೆ. ಪ್ರಿಂಟ್ ಸೈಜಿನಲ್ಲಿ ನೋಡಿದರೆ ಮುಕ್ಕಾಲು ಪಾಲು ಕರಗಿಹೋಗಿರುತ್ತದೆ.

ಬೂಸ್ಟಿಗೆ ನೀರು ಮಾತ್ರ ತಾಗಿಸಬೇಡಿ. ಅದು ಚಿತ್ರ ಹಿಡಿದಿರುವ ಜೆಲಾಟಿನ್ ಪದರವನ್ನು ತಿಂದಿರುತ್ತದೆ, ತಿಂದ ಕಡೆ ನೀರು ಬಿದ್ದರೆ ಚಿತ್ರವೇ ಕರಗಿ ಬರುತ್ತದೆ. ಬ್ಲೋಯರ್, ಮೆತ್ತಗಿನ ಬ್ರಷ್, ಅಷ್ಟೇ ಸಾಕು. ಪೆನ್ಸಿಲ್ ಇರುವ ಜಾಗಕ್ಕೆ ಬ್ರಷ್ ಕೂಡ ಬೇಡ. ಉಳಿದಿದ್ದನ್ನು ಕಂಪ್ಯೂಟರಿನಲ್ಲಿ ಸರಿ ಮಾಡಿಕೊಳ್ಳಿ.

ಮಲೆನಾಡ್ ಮಗಳು:

ಸರ್, ಈಗಷ್ಟೇ ಓರೆಯಾಗಿ ಹಿಡಿದು ನೋಡಿದೆ. ಕೆನ್ನೆ ಮೇಲೆ ಒಂದೇ ದಿಕ್ಕಿಗೆ ಬಾಗಿದ ಪುಟ್ಟ ಪುಟ್ಟ ಗುರುತು, ಮೂಗಿನ ಪಕ್ಕ ಇನ್ನೂ ಚಿಕ್ಕವು. ಅಪ್ಪ ಎಡಗೈಯವರು. ಗುರುತುಗಳೂ ಎಡಕ್ಕೇ ಬಾಗಿವೆ! ತುಂಬಾ ಥ್ಯಾಂಕ್ಸ್. ಹಾಗಾದರೆ ಎಮಲ್ಷನ್ ಕೆಳಗೆ ಮಾಡಿ ಗಾಜಿಗೆ ಒತ್ತಿದರೆ ಈ ಪೆನ್ಸಿಲ್ ಉಜ್ಜಿಹೋಗುವುದಿಲ್ಲವಾ? ಕೆಲವು ಕವರು ತೆರೆದರೆ ವಿನೆಗರ್ ವಾಸನೆಯೂ ಬರುತ್ತದೆ.

ಹಳೆ ಪೆಟ್ಟಿಗೆ (ಮಂಗಳೂರು):

ವಿನೆಗರ್ ವಾಸನೆ ಬಂದರೆ ಫಿಲ್ಮಿನ ಅಸಿಟೇಟ್ ಪ್ಲಾಸ್ಟಿಕ್ಕು ಕೊಳೆಯಲು ಶುರುವಾಗಿದೆ ಅಂತ ಅರ್ಥ. ಹೊರಬರುವ ಆಮ್ಲವೇ ಕೊಳೆಯುವುದನ್ನು ಇನ್ನಷ್ಟು ಜೋರು ಮಾಡುತ್ತದೆ, ಪಕ್ಕದ ನೆಗೆಟಿವ್‌ಗಳಿಗೂ ತಾಗುತ್ತದೆ. ಅವನ್ನು ಇವತ್ತೇ ಬೇರೆ ಮಾಡಿ, ಮೊದಲು ಅವನ್ನೇ ಸ್ಕ್ಯಾನ್ ಮಾಡಿ. ಗಾಳಿಯಾಡದ ಡಬ್ಬಿಗೆ ಹಾಕಬೇಡಿ. ರಟ್ಟಿನ ಪೆಟ್ಟಿಗೆ ಒಳ್ಳೆಯದು. ಚೆನ್ನಾಗಿರುವವನ್ನು ಮಾತ್ರ ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ. ನಿಮ್ಮ ಕಡೆ ಮಳೆಗಾಲ ಗೊತ್ತಲ್ಲ, ಜೆಲ್ ಆಗಾಗ ಬಿಸಿ ಮಾಡಿ ಒಣಗಿಸಬೇಕಾಗುತ್ತದೆ.

ಕತ್ತಲೆಕೋಣೆ:

ಎಡಗೈಯವರಾ! ಓದಿ ಖುಷಿಯಾಯಿತು.

ಉಜ್ಜಿಹೋಗುವ ಭಯ ಸರಿಯಾಗಿದೆ. ಆದ್ದರಿಂದ ಒತ್ತಬೇಡಿ. ದಪ್ಪ ಕಪ್ಪು ರಟ್ಟಿನಲ್ಲಿ 56 ಮಿಲಿಮೀಟರ್ ಚೌಕದ ಕಿಟಕಿ ಕೊಯ್ದು, ಹೋಲ್ಡರಿನಲ್ಲಿ 120 ಫಿಲ್ಮ್ ಕೂರುವ ಜಾಗಕ್ಕೆ ಹೊಂದಿಸಿ. ನೆಗೆಟಿವ್ ಅದರ ಮೇಲೆ ಅಂಚಿನಲ್ಲಿ ಮಾತ್ರ ಕೂರುತ್ತದೆ, ಮುಖ ಯಾವುದಕ್ಕೂ ತಾಗುವುದಿಲ್ಲ. ಮೇಲಿಂದ ಅದೇ ಅಳತೆಯ ಇನ್ನೊಂದು ರಟ್ಟು ಇಟ್ಟರೆ ಸುರುಳಿ ನಿಲ್ಲುತ್ತದೆ. ತೀರಾ ಸುತ್ತಿಕೊಂಡಿದ್ದರೆ ಕವರಿನ ಸಮೇತ ದಪ್ಪ ಪುಸ್ತಕದ ಕೆಳಗೆ ಕೆಲವು ದಿನ ಇಡಿ. ಹೋಲ್ಡರಿನ ಒಂದು ತುದಿಯಲ್ಲಿ ಖಾಲಿ ಕಂಡಿ ಇರುತ್ತದೆ, ಅದನ್ನು ರಟ್ಟು ಮುಚ್ಚಬಾರದು. ಸ್ಕ್ಯಾನರ್ ಅಲ್ಲಿಂದ ಬೆಳಕು ಅಳೆಯುತ್ತದೆ. ಮುಚ್ಚಿದರೆ ಚಿತ್ರದಲ್ಲಿ ಉದ್ದಕ್ಕೂ ಗೆರೆ ಬರುತ್ತದೆ.

ಫೈಲಿನ ಹೆಸರಿಗೆ ಕವರಿನ ಮೇಲಿನ ನಂಬರನ್ನೇ ಕೊಡಿ. ಕವರನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು ಜೊತೆಗಿಡಿ. ಮುಳುಗಿದ ಊರಿನ ಹೆಸರು ಕೆಲವು ಕಡೆ ಆ ಕವರಿನ ಮೇಲೆ ಮಾತ್ರ ಇರುತ್ತದೆ.