0.24% ನಿಕಲ್ ಬಂದಿದೆ, ಅದಿರು ಅನ್ನಬಹುದಾ?

ಪ್ರಶ್ನೆ: ಸರ್, ನುಗ್ಗೇಹಳ್ಳಿ ಪಟ್ಟಿಯ ಸರ್ಪೆಂಟಿನೈಟ್ (ಸರ್ಪೆಂಟೀನ್ ಖನಿಜದ ಕಲ್ಲು) ತುಂಡೊಂದನ್ನು ಲ್ಯಾಬ್‌ಗೆ ಕೊಟ್ಟಿದ್ದೆ. ನಾಲ್ಕು ಆಮ್ಲದಲ್ಲಿ ಕರಗಿಸಿ ಮಾಡಿದ ರಿಪೋರ್ಟಿನಲ್ಲಿ ನಿಕಲ್ 0.24%, ಗಂಧಕ 0.04%. ಪಶ್ಚಿಮ ಆಸ್ಟ್ರೇಲಿಯಾದ ಮೌಂಟ್ ಕೀತ್‌ನಲ್ಲಿ 0.6% ಆಸುಪಾಸಿನದ್ದನ್ನೇ ಅಗೆದಿದ್ದಾರಲ್ಲ, ಇದೂ ಬಡ ಅದಿರು ತಾನೆ?

ಉತ್ತರ: ಅಲ್ಲ. ಈ ಕಲ್ಲಿನ ಮೂಲ ಖನಿಜ ಆಲಿವೀನ್ ಹುಟ್ಟುವಾಗಲೇ 0.2ರಿಂದ 0.4% ನಿಕಲ್ ಒಳಗಿಟ್ಟುಕೊಂಡಿರುತ್ತೆ. ಅದು ಸರ್ಪೆಂಟೀನ್ ಆದಮೇಲೂ ಬಹುಪಾಲು ಕಲ್ಲಲ್ಲೇ ಉಳಿಯುತ್ತೆ. ನಾಲ್ಕು ಆಮ್ಲದಲ್ಲಿ ಹೈಡ್ರೋಫ್ಲೋರಿಕ್ ಇರೋದರಿಂದ ಸಿಲಿಕೇಟ್ ಪೂರ್ತಿ ಕರಗಿ, ಆ ನಿಕಲ್ಲೂ ಲೆಕ್ಕಕ್ಕೆ ಸೇರಿಬಿಡುತ್ತೆ. ಅರೆದ ಅದಿರನ್ನು ನೊರೆಯಲ್ಲಿ ತೇಲಿಸಿ ಬೇರ್ಪಡಿಸುವ ಸೆಲ್‌ನಲ್ಲಿ ಅದು ಮೇಲೆ ಬರಲ್ಲ.

ಗಂಧಕದ ಅಂಕಿ ನೋಡಿ, ತೇಲಿ ಬರುವುದು ಮುಖ್ಯವಾಗಿ ಗಂಧಕದ ಜತೆ ಸೇರಿದ ನಿಕಲ್ (ಸಲ್ಫೈಡ್). ನಿಕಲ್‌ನ ಮುಖ್ಯ ಸಲ್ಫೈಡ್ ಖನಿಜ ಪೆಂಟ್ಲಂಡೈಟ್‌ನಲ್ಲಿ ನಿಕಲ್ ಸುಮಾರು 34%, ಗಂಧಕ 33%, ಅಂದರೆ ಹೆಚ್ಚುಕಮ್ಮಿ ಸಮ. ನಿಮ್ಮ 0.04% ಗಂಧಕ ಅಷ್ಟೂ ಪೆಂಟ್ಲಂಡೈಟೇ ಅಂದುಕೊಂಡರೂ ಸಲ್ಫೈಡ್ ನಿಕಲ್ 0.04% ದಾಟಲ್ಲ. ನಿಕಲ್ ಇನ್ನೂ ಹೆಚ್ಚಿರುವ ಸಲ್ಫೈಡ್ ಹೀಜಲ್‌ವುಡೈಟ್ ಇದ್ದರೆ ಮಾತ್ರ ಗಂಧಕದ ಎರಡೂವರೆ ಪಟ್ಟು ಚಿಲ್ಲರೆ, ಆಗಲೂ 0.11% ಅಷ್ಟೆ. ಗಂಧಕವೇ ಇಲ್ಲದ ಅವರೂಯೈಟ್ (ನಿಕಲ್-ಕಬ್ಬಿಣದ ಮಿಶ್ರಲೋಹ) ಈ ಲೆಕ್ಕಕ್ಕೆ ಸಿಗಲ್ಲ, ಅದಕ್ಕೆ ಕಲ್ಲನ್ನು ನುಣುಪು ಮಾಡಿ ಸೂಕ್ಷ್ಮದರ್ಶಕದಲ್ಲಿ (ಪಾಲಿಶ್ ಸೆಕ್ಷನ್) ನೋಡಬೇಕು. ಖಚಿತ ಬೇಕಿದ್ದರೆ ಅಮೋನಿಯಂ ಸಿಟ್ರೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಕರಗಿಸಿ ಸಲ್ಫೈಡ್ ನಿಕಲ್ ಬೇರೆ ಅಳೆಯಲು ಹೇಳಿ.

ಅಯಸ್ಕಾಂತ ಹಿಡಿದು ನೋಡಿ ಖುಷಿಪಡಬೇಡಿ. ಅಂಟುವುದು ಹೆಚ್ಚಾಗಿ ಮ್ಯಾಗ್ನೆಟೈಟ್, ಇಲ್ಲವೇ ಪಿರೋಟೈಟ್ (ಕಬ್ಬಿಣದ ಸಲ್ಫೈಡ್). ಪೆಂಟ್ಲಂಡೈಟ್ ಅಂಟಲ್ಲ.

ಪ್ರಶ್ನೆ: ಪರ್ತ್‌ನಿಂದ ಕೇಳ್ತಿದೀನಿ. ಟಾಲ್ಕ್ ಮತ್ತು ಸರ್ಪೆಂಟೀನ್ ಎರಡೂ ಇರುವ ಅದಿರು, 80% ಪಾಲು 75 ಮೈಕ್ರಾನ್‌ಗಿಂತ ಸಣ್ಣಗೆ ಅರೆದಿದ್ದೇವೆ. ಕಾನ್ಸಂಟ್ರೇಟ್‌ನಲ್ಲಿ (ತೇಲಿಸಿ ತೆಗೆದ ಸರಕಿನಲ್ಲಿ) ನಿಕಲ್ 7%, ಟಾಲ್ಕ್ ಮತ್ತು ಸರ್ಪೆಂಟೀನ್‌ನಿಂದ ಬರುವ ಮೆಗ್ನೀಷಿಯಾ 15%. ಅವು ತೇಲದಂತೆ ಗ್ವಾರ್ ಗಮ್ ಟನ್ನಿಗೆ 300 ಗ್ರಾಂ ಹಾಕಾಗಿದೆ. ಇನ್ನೂ ಏರಿಸಲಾ?

ಉತ್ತರ: ಏರಿಸುವ ಮುಂಚೆ ನೊರೆಯನ್ನು ಬೆರಳಲ್ಲಿ ಉಜ್ಜಿ. ಬಿಳಿಚಿಕೊಂಡ, ಒಡೆಯದೆ ಗಟ್ಟಿಯಾಗಿ ನಿಲ್ಲುವ, ಸೋಪಿನ ಹಾಗೆ ಜಾರುವ ನೊರೆ ಆದರೆ ಅದು ಟಾಲ್ಕ್, ನಮ್ಮ ಬಳಪದ ಕಲ್ಲಿನ ಸರಕು. ಅದಕ್ಕೆ ನೀರು ಅಂಟಲ್ಲ, ಆದ್ದರಿಂದ ಕ್ಸಾಂಥೇಟ್ (ಸಲ್ಫೈಡನ್ನು ಗುಳ್ಳೆಗೆ ಅಂಟಿಸುವ ಮದ್ದು) ಇಲ್ಲದೆಯೂ ತೇಲುತ್ತೆ. ಬರೀ ಫ್ರಾದರ್ (ನೊರೆ ಬರಿಸುವ ಮದ್ದು) ಹಾಕಿ ಮೊದಲ ಎರಡು ಮೂರು ನಿಮಿಷ ಕೆನೆ ತೆಗೆದುಬಿಡಿ. ಆ ಕೆನೆಯಲ್ಲಿ ಎಷ್ಟು ನಿಕಲ್ ಹೋಯಿತು ಅಂತ ಅಳೆಯಲು ಮರೆಯಬೇಡಿ. ಉಳಿದ ಟಾಲ್ಕ್‌ಗೆ ಗ್ವಾರ್, ಅಂದರೆ ಗೋರಿಕಾಯಿ ಬೀಜದ ಅಂಟು, ಸರಿಯಾದ ಮದ್ದು. ಅತಿಯಾದರೆ ಪೆಂಟ್ಲಂಡೈಟೂ ಮುಳುಗುತ್ತೆ.

ಸರ್ಪೆಂಟೀನ್ ಕಾಟ ಬೇರೆ ಥರ. ಪಿಎಚ್ 9ರ ಹತ್ತಿರ ಅದರ ಮೈಮೇಲೆ ಧನ ವಿದ್ಯುದಂಶ, ಪೆಂಟ್ಲಂಡೈಟ್ ಮೇಲೆ ಋಣ. ಸಣ್ಣ ಕೆಸರು ಹೋಗಿ ಪೆಂಟ್ಲಂಡೈಟ್‌ಗೆ ಮೆತ್ತಿಕೊಂಡು ಜತೆಗೇ ಮೇಲೆ ಬರುತ್ತೆ, ಇಲ್ಲವೇ ಅದನ್ನು ತೇಲಲು ಬಿಡಲ್ಲ. ಗ್ವಾರ್‌ಗೆ ವಿದ್ಯುದಂಶ ಇಲ್ಲ, ಹಾಗಾಗಿ ಇಲ್ಲಿ ಅದರ ಆಟ ನಡೆಯಲ್ಲ. ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಎಂಬ ಅಂಟು) ಋಣ ವಿದ್ಯುದಂಶದ್ದು, ಅದು ಕೆಸರನ್ನು ಬಿಡಿಸುತ್ತೆ. ಟನ್ನಿಗೆ 100 ಗ್ರಾಂನಿಂದ ಶುರುಮಾಡಿ, ಕ್ಸಾಂಥೇಟ್‌ಗೆ ಮುಂಚೆ ಹಾಕಿ ಐದು ನಿಮಿಷ ಕಲಕಿ. ಸರ್ಪೆಂಟೀನ್ ನಾರು ಜಾಸ್ತಿ ಇದ್ದರೆ ಸ್ಲರಿ ಅಂಬಲಿಯಂತೆ ದಪ್ಪ ಆಗುತ್ತೆ. ಆಗ ಘನ ಭಾಗ 20ರಿಂದ 25%ಕ್ಕೆ ಇಳಿಸಿ, ಸೈಕ್ಲೋನ್‌ನಲ್ಲಿ (ಸುತ್ತಿಸಿ ಸಣ್ಣ ಕಣ ಬೇರೆ ಮಾಡುವ ಸಾಧನ) 10 ಮೈಕ್ರಾನ್‌ಗಿಂತ ಕೆಳಗಿನದನ್ನು ಬೇರೆ ಮಾಡಿ.

ಪ್ರಶ್ನೆ: ಮೆಗ್ನೀಷಿಯಾ ಇದ್ದರೆ ಕರಗಿಸುವವರಿಗೆ ಏನು ತೊಂದರೆ?

ಉತ್ತರ: ಸ್ಲ್ಯಾಗ್ (ಕುಲುಮೆಯಲ್ಲಿ ಮೇಲೆ ನಿಲ್ಲುವ ಕಿಟ್ಟ) ಕರಗುವ ತಾಪಮಾನ ಏರುತ್ತೆ. ಫ್ಲ್ಯಾಶ್ ಕುಲುಮೆಯ ಸುಮಾರು 1300 ಡಿಗ್ರಿಯಲ್ಲಿ ಅದು ಗಂಜಿಯಾಗಿ, ಮ್ಯಾಟ್ (ಕರಗಿದ ನಿಕಲ್ ಸಲ್ಫೈಡ್) ಹನಿಗಳು ಕೆಳಗಿಳಿಯದೆ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಅದಕ್ಕೇ ಅವರು ಮೆಗ್ನೀಷಿಯಾಗೆ ಹೋಲಿಸಿ ಕಬ್ಬಿಣ ಎಷ್ಟಿದೆ ನೋಡಿ, ಕಡಿಮೆಯಿದ್ದರೆ ದಂಡ ಹಾಕೋದು. ಪಿರೋಟೈಟನ್ನು ಪೂರ್ತಿ ಹೊರಹಾಕಿ ನಿಕಲ್ ಅಂಕಿ ಏರಿಸಿಕೊಂಡವರು ಕೆಲವೊಮ್ಮೆ ಇಲ್ಲಿ ಏಟು ತಿನ್ನುತ್ತಾರೆ, ಕಬ್ಬಿಣವೂ ಹೋಗಿಬಿಟ್ಟಿರುತ್ತಲ್ಲ.

ಪ್ರಶ್ನೆ: ಅದೇ ಸ್ಯಾಂಪಲ್, ಅದೇ ಮದ್ದು, ಎರಡು ತಿಂಗಳ ನಂತರ ರಿಕವರಿ (ಕೈಗೆ ಸಿಗುವ ನಿಕಲ್ ಪಾಲು) ಬಿದ್ದಿದೆ.

ಉತ್ತರ: ಪುಡಿ ಮಾಡಿ ಮಾಮೂಲಿ ಚೀಲದಲ್ಲಿ ಇಟ್ಟಿದ್ದೀರಾ? ಪಿರೋಟೈಟ್ ಗಾಳಿ, ತೇವಕ್ಕೆ ಬೇಗ ತುಕ್ಕು ಹಿಡಿಯುತ್ತೆ, ಅದರ ಕಬ್ಬಿಣ ಪೆಂಟ್ಲಂಡೈಟ್ ಮೈಗೂ ಬಳಿಯುತ್ತೆ. ಒಂದೊಂದು ಪರೀಕ್ಷೆಗೆ ಬೇಕಾದ ಒಂದು ಕಿಲೋದಂತೆ ಪ್ಯಾಕ್ ಮಾಡಿ, ನೈಟ್ರೋಜನ್ ತುಂಬಿ ಸೀಲ್ ಮಾಡಿ ಫ್ರೀಜರ್‌ನಲ್ಲಿಡಿ. ಅರೆಯುವುದು ಪರೀಕ್ಷೆಯ ದಿನವೇ.