ವರ್ಮುತ್ತಿಗೆ ಏನು ನೆಂಚಿಕೊಳ್ಳುವುದು? ಕಹಿ, ಒಗರು ಮತ್ತು ‘ಪೇರಿಂಗ್’

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಟಲಿಯ ಟೂರಿನ್ ಕಡೆಯ ಕಹಿ ವರ್ಮುತ್ (ಮೂಲಿಕೆ ಹಾಕಿದ ವೈನ್) ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುವಾಗ ಕೆಲವು ಪದಗಳು ಹಿಡಿತಕ್ಕೆ ಸಿಗುತ್ತಿಲ್ಲ. ‘ಅರೋಮಟೈಸ್ಡ್ ವೈನ್’ ಅನ್ನು ಸುಗಂಧಿತ ವೈನ್ ಎಂದರೆ ಅತ್ತರು ಸುರಿದಂತೆ ಕೇಳಿಸುತ್ತದೆ. ಅರಿಷ್ಟ ಎನ್ನಬಹುದೇ? ವರ್ಮ್‌ವುಡ್ ಅಂದರೆ ದವನವೋ, ಮಾಚಿಪತ್ರೆಯೋ? ಬಿಟರ್, ಅಸ್ಟ್ರಿಂಜೆಂಟ್ ಎರಡಕ್ಕೂ ‘ಕಹಿ’ ಒಂದೇ ಸಾಕೇ? ಇನ್ನು ‘ಪೇರಿಂಗ್’ (ಪಾನೀಯಕ್ಕೆ ಹೊಂದುವ ತಿನಿಸನ್ನು ಜೊತೆಗಿಡುವುದು): ಜೋಡಣೆ ಎಂದರೆ ಕಾರ್ಖಾನೆ ನೆನಪಾಗುತ್ತದೆ, ಸಾಂಗತ್ಯ ಎಂದರೆ ಮದುವೆ ಮಾತುಕತೆ.

ಸದ್ಯದ ಕರಡು ಹೀಗಿದೆ: “ಈ ಒಣ, ಕಹಿ ಸುಗಂಧಿತ ವೈನ್ ಉಪ್ಪಿನ ಆಹಾರದೊಂದಿಗೆ ಚೆನ್ನಾಗಿ ಜೋಡಿಯಾಗುತ್ತದೆ. ಚೀನಾ ಶೈಲಿಯ ಬರೋಲೊ ಕಪ್ಪು ಚಾಕೊಲೇಟಿನೊಂದಿಗೆ ಜೋಡಿಯಾಗುತ್ತದೆ.” ದಯವಿಟ್ಟು ತಿದ್ದಿ.

ಉತ್ತರ 1

ಮೊದಲು ಚೀನಾವನ್ನು ತೆಗೆಯಿರಿ. ‘ಬರೋಲೊ ಕಿನಾತೊ’ ಎಂಬುದರ ‘ಕಿನಾ’ ಅಂದರೆ ಇಟಾಲಿಯನ್ನಿನಲ್ಲಿ ಸಿಂಕೋನಾ ತೊಗಟೆ, ಕ್ವಿನೈನ್ ಬರುವುದು ಅದರಿಂದಲೇ. ಅದರ ಕಾಗುಣಿತವೂ ಇಂಗ್ಲಿಷಿನ ‘China’ದ ಕಾಗುಣಿತವೂ ಒಂದೇ ಆದ್ದರಿಂದ ದೇಶದ ಹೆಸರೆಂದು ಓದುವ ತಪ್ಪು ಆಗುತ್ತಲೇ ಇರುತ್ತದೆ. ನೆಬ್ಬಿಯೋಲೊ ದ್ರಾಕ್ಷಿಯ ಬರೋಲೊ ವೈನಿಗೆ ಆ ತೊಗಟೆ, ಜೆಂಶಿಯನ್ ಎಂಬ ಗಿಡದ ಕಹಿ ಬೇರು, ಏಲಕ್ಕಿಯಂಥವನ್ನು ಹಾಕಿ, ಸಕ್ಕರೆಯನ್ನೂ ಸ್ಪಿರಿಟ್ಟನ್ನೂ ಸೇರಿಸಿದರೆ ಕಿನಾತೊ.

‘ಅರಿಷ್ಟ’ ಆಸೆ ಹುಟ್ಟಿಸುವ ಪದ, ಆದರೆ ಬೇಡ. ಅರಿಷ್ಟದಲ್ಲಿ ಕಷಾಯಕ್ಕೆ ಬೆಲ್ಲ ಹಾಕಿ ಹುದುಗಿಸುತ್ತಾರೆ. ಮದ್ಯಾಂಶ ಅದರೊಳಗೇ ಹುಟ್ಟುತ್ತದೆ. ವರ್ಮುತ್ತಿನಲ್ಲಿ ವೈನ್ ಮೊದಲೇ ತಯಾರಾಗಿರುತ್ತದೆ, ಮೂಲಿಕೆಯೂ ಸ್ಪಿರಿಟ್ಟೂ ಆಮೇಲೆ ಬಂದು ಸೇರುತ್ತವೆ. ಯುರೋಪಿನ ನಿಯಮದಂತೆ ಈ ವರ್ಗದ ಪಾನೀಯದಲ್ಲಿ ಕನಿಷ್ಠ 75% ವೈನ್ ಇರಬೇಕು, ಮದ್ಯಾಂಶ 14.5% ರಿಂದ 22% ರ ನಡುವೆ. ಮೇಲಾಗಿ ಅರಿಷ್ಟ ಔಷಧಿ. ಓದುಗರು ಚಮಚದಲ್ಲಿ ಅಳೆದಾರು. ‘ನಾರುಬೇರಿನ ವೈನ್’ ಎಂದು ನನ್ನ ಸೂಚನೆ. ಹಳ್ಳಿಮದ್ದಿನ ವಾಸನೆ ಬರುತ್ತದೆ ಎಂದು ಯಾರಾದರೂ ಆಕ್ಷೇಪಿಸಿದರೆ, ಬರಲಿ. 1786ರಲ್ಲಿ ಟೂರಿನ್‌ನಲ್ಲಿ ಕಾರ್ಪಾನೊ ಎಂಬಾತ ಮಾರಲು ಶುರುಮಾಡಿದ ಪೇಯದ ಪೂರ್ವಜರೂ ಮದ್ದಿನ ವೈನುಗಳೇ.

ವರ್ಮುತ್ ಎಂಬ ಹೆಸರು ಜರ್ಮನ್ನಿನ ‘ವೇರ್ಮೂತ್’ನಿಂದ ಬಂದದ್ದು, ಅಲ್ಲಿ ಅದು ವರ್ಮ್‌ವುಡ್ ಗಿಡದ ಹೆಸರು. ಗಿಡ ಆರ್ಟೆಮಿಸಿಯಾ ಅಬ್ಸಿಂಥಿಯಮ್. ನಮ್ಮ ದವನ ಅದೇ ಆರ್ಟೆಮಿಸಿಯಾ ಕುಲದ್ದು, ಆದರೆ ಬೇರೆ ಪ್ರಭೇದ, ಪ್ಯಾಲೆನ್ಸ್. ಅದನ್ನು ಬೆಳೆಯುವುದು ಪರಿಮಳಕ್ಕೆ, ಹೂವಿನ ಜೊತೆ ಕಟ್ಟುವುದಕ್ಕೆ, ಎಣ್ಣೆ ತೆಗೆಯುವುದಕ್ಕೆ. ‘ದವನ ಹಾಕಿದ ವೈನ್’ ಎಂದು ಬರೆದರೆ ಓದುಗರ ಮೂಗಿಗೆ ಬರುವುದು ದವನದ ಹುಣ್ಣಿಮೆ, ನಾಲಗೆಗೆ ಏನೂ ಬರುವುದಿಲ್ಲ. ಮಾಚಿಪತ್ರೆಯೂ ಅದೇ ಕುಲದ ಬೇರೆ ಗಿಡ. ‘ವರ್ಮ್‌ವುಡ್, ಅಂದರೆ ದವನದ ಕುಲಕ್ಕೇ ಸೇರಿದ ಕಡುಕಹಿಯ ಸೊಪ್ಪು’ ಎಂದು ಒಮ್ಮೆ ಬಿಡಿಸಿ ಹೇಳಿ ಮುಂದೆ ವರ್ಮ್‌ವುಡ್ ಎಂದೇ ಇಡಿ.

‘ಒಣ ವೈನ್’ ತಪ್ಪು. ಅಲ್ಲಿ ‘ಡ್ರೈ’ ಅಂದರೆ ಸಿಹಿ ಕಡಿಮೆ ಎಂದಷ್ಟೇ ಅರ್ಥ. ಲೀಟರಿಗೆ 50 ಗ್ರಾಂಗಿಂತ ಕಡಿಮೆ ಸಕ್ಕರೆ ಇದ್ದರೆ ಡ್ರೈ, 30ಕ್ಕಿಂತ ಕಡಿಮೆ ಇದ್ದರೆ ಎಕ್ಸ್‌ಟ್ರಾ ಡ್ರೈ, 130 ಅಥವಾ ಹೆಚ್ಚಿದ್ದರೆ ಸ್ವೀಟ್. ಸ್ವೀಟ್ ವರ್ಮುತ್ತಿನ 60 ಮಿ.ಲೀ.ನಲ್ಲಿ ಸುಮಾರು 8 ಗ್ರಾಂ ಸಕ್ಕರೆ, ಎರಡು ಟೀ ಚಮಚ. ಹೀಗಾಗಿ ‘ಸಿಹಿ ವರ್ಮುತ್’ ಕೂಡ ಕಹಿಯೇ, ಸಿಹಿ ಹೊದ್ದ ಕಹಿ. ‘ಪುಂತ್ ಎ ಮೆಸ್’ ಎಂಬ ಬ್ರ್ಯಾಂಡಿನ ಹೆಸರಿಗೆ ಟೂರಿನ್ ಇರುವ ಪಿಯೆಮೊಂತೆ ಸೀಮೆಯ ನುಡಿಯಲ್ಲಿ ‘ಒಂದೂವರೆ ಪಾಯಿಂಟ್’ ಎಂದರ್ಥ: ಒಂದು ಪಾಲು ಸಿಹಿ, ಅರ್ಧ ಪಾಲು ಕಹಿ ಎಂದು ವಿವರಿಸುತ್ತಾರೆ. ಹೆಸರನ್ನು ಅನುವಾದಿಸಬೇಡಿ.

ಉತ್ತರ 2

ಕಹಿ–ಒಗರಿನ ಪ್ರಶ್ನೆಯೇ ಇಲ್ಲಿ ಮುಖ್ಯ. ಎರಡನ್ನೂ ಕಹಿ ಎಂದು ಬರೆದರೆ ಲೇಖನದ ಸಲಹೆಯೇ ಕೆಲಸಕ್ಕೆ ಬಾರದು, ಏಕೆಂದರೆ ಎರಡಕ್ಕೂ ಮದ್ದು ಬೇರೆ.

ಕಹಿ ರುಚಿ. ಒಗರು ರುಚಿಗಿಂತ ಹೆಚ್ಚಾಗಿ ಸ್ಪರ್ಶ: ದ್ರಾಕ್ಷಿ ಸಿಪ್ಪೆ, ಚಹಾ ಎಲೆಯಂಥವುಗಳಲ್ಲಿರುವ ಟ್ಯಾನಿನ್ ಎಂಬ ಅಂಶ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯ ಜಾರು ಹೋಗುತ್ತದೆ, ನಾಲಗೆ ಬಟ್ಟೆಯಂತಾಗುತ್ತದೆ. ಹಾಗಲಕಾಯಿ ಕಹಿ, ಬಾಳೆಕಾಯಿ ಒಗರು. ಕಹಿಯನ್ನು ಉಪ್ಪು ತಗ್ಗಿಸುತ್ತದೆ. ವೈನ್ ಮುಟ್ಟದವರೂ ಇದನ್ನು ಪರೀಕ್ಷಿಸಬಹುದು: ಅರ್ಧ ಲೋಟ ಟಾನಿಕ್ ವಾಟರ್‌ಗೆ ಚಿಟಿಕೆ ಉಪ್ಪು ಹಾಕಿ (ನೊರೆ ಉಕ್ಕುತ್ತದೆ, ಮೆಲ್ಲಗೆ ಹಾಕಿ), ಉಳಿದರ್ಧದ ಜೊತೆ ಹೋಲಿಸಿ. ಕ್ವಿನೈನಿನ ಕಹಿ ಹಿಂದೆ ಸರಿದು ಸಿಹಿ ಮುಂದೆ ಬಂದಿರುತ್ತದೆ. ಒಗರನ್ನು ತಗ್ಗಿಸಲು ಬೇಕಾದದ್ದು ಪ್ರೋಟೀನು ಮತ್ತು ಕೊಬ್ಬು. ಕಡು ಚಹಾಕ್ಕೆ ಹಾಲು ಬಿದ್ದಾಗ ಆಗುವುದು ಇದೇ, ಟ್ಯಾನಿನ್ ಹಾಲಿನ ಪ್ರೋಟೀನನ್ನು ಹಿಡಿದು ನಾಲಗೆಯನ್ನು ಬಿಡುತ್ತದೆ.

ಬಿಳಿ ದ್ರಾಕ್ಷಿಯ ವೈನಿನಿಂದ ಮಾಡಿದ ವರ್ಮುತ್ತಿನಲ್ಲಿ ಒಗರು ಕಡಿಮೆ, ಮುಖ್ಯವಾಗಿ ಕಹಿ. ಅದಕ್ಕೇ ಉಪ್ಪಿನ ಆಲಿವ್, ಪಿಯೆಮೊಂತೆಯಲ್ಲಿ ಪಾರ್ಸ್ಲಿ–ಬೆಳ್ಳುಳ್ಳಿಯ ಹಸಿರು ಚಟ್ನಿ ಹಚ್ಚಿದ ಉಪ್ಪುಮೀನು ಆಂಚೊವಿ, ಸ್ಪೇನಿನಲ್ಲಿ ಆಲೂ ಚಿಪ್ಸ್. ಕಿನಾತೊದಲ್ಲಿ ಕಹಿಯೂ ಇದೆ, ನೆಬ್ಬಿಯೋಲೊದ ಒಗರೂ ಇದೆ. ಅದಕ್ಕೆ ಹಳೆಯ ಗಟ್ಟಿ ಚೀಸ್, ಅಥವಾ ಕೋಕೋ ಬೆಣ್ಣೆ ಇರುವ ಚಾಕೊಲೇಟ್.

ಚಾಕೊಲೇಟಿನಲ್ಲೂ ಲೆಕ್ಕ ತಪ್ಪಬಹುದು. ವೈನಿಗಿಂತ ತಿಂಡಿ ಸಿಹಿಯಾಗಿರಬಾರದು. ಮೈಸೂರುಪಾಕಿನ ಮೇಲೆ ಕುಡಿದ ಕಾಫಿ ಹೇಗೋ ಹಾಗೆ, ಮಿಲ್ಕ್ ಚಾಕೊಲೇಟಿನ ಮೇಲೆ ಕಿನಾತೊದ ಸಿಹಿ ಮಾಯವಾಗಿ ಬರೀ ತೊಗಟೆ ಉಳಿಯುತ್ತದೆ. 90% ಕೋಕೋ ಆದರೆ ಕಹಿಯ ಮೇಲೆ ಕಹಿ, ಒಗರಿನ ಮೇಲೆ ಒಗರು. 70% ಆಸುಪಾಸು ಸರಿ. ಖಾರವಂತೂ ಬೇಡ. ಮೆಣಸಿನಕಾಯಿಯ ಉರಿಯನ್ನು ಗುರುತಿಸುವ ನರವನ್ನೇ ಮದ್ಯವೂ ಕೆಣಕುತ್ತದೆ, ಎರಡೂ ಸೇರಿದರೆ ಉರಿ ಹೆಚ್ಚುತ್ತದೆ. ಬರೀ ಉಪ್ಪುಕಡಲೆ ಒಪ್ಪುತ್ತದೆ, ಕಾಂಗ್ರೆಸ್ ಕಡಲೆಕಾಯಿ ಒಪ್ಪುವುದಿಲ್ಲ.

ಷಡ್ರಸದ ಸಂಸ್ಕೃತ ಹೆಸರುಗಳನ್ನು ಇಲ್ಲಿ ತರಬೇಡಿ. ಆಯುರ್ವೇದದ ‘ಕಟು’ ಅಂದರೆ ಶುಂಠಿ–ಮೆಣಸಿನ ಖಾರ, ‘ತಿಕ್ತ’ ಕಹಿ, ‘ಕಷಾಯ’ ಒಗರು. ಆದರೆ ಕನ್ನಡಿಗರಿಗೆ ಕಷಾಯ ಎಂದರೆ ಕುದಿಸಿದ ಪಾನೀಯ, ‘ಕಟು’ ಕೇಳಿದ ಮರಾಠಿ ಬಲ್ಲ ಗಡಿಜಿಲ್ಲೆಯವರಿಗೆ ನೆನಪಾಗುವ ‘ಕಡು’ ಎಂದರೆ ಕಹಿ. ಕಹಿ, ಒಗರು, ಖಾರ ಎಂಬ ನಮ್ಮ ಮೂರು ಮಾತುಗಳಲ್ಲಿ ಈ ಗೊಂದಲವೇ ಇಲ್ಲ.

ಉತ್ತರ 3

‘ಪೇರಿಂಗ್’ಗೆ ನಾಮಪದ ಹುಡುಕುವುದೇ ತಪ್ಪು ದಾರಿ. ಕನ್ನಡದಲ್ಲಿ ಇದು ಕ್ರಿಯಾಪದದ ಕೆಲಸ. ಮೊಸರನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಳ್ಳುತ್ತೇವೆ. ಮುಖ್ಯವಾದದ್ದು ಒಂದು, ಅದರ ರುಚಿ ಏರಿಸಲು ಪಕ್ಕದಲ್ಲಿ ಚೂರು ಇನ್ನೊಂದು: ವರ್ಮುತ್–ಆಲಿವ್ ಸಂಬಂಧ ಪೂರಾ ಇದೇ. ಬೆಂಗಳೂರಿನ ಬಾರುಗಳಲ್ಲಿ ಇದಕ್ಕೆ ‘ಸೈಡ್ಸ್’ ಎನ್ನುತ್ತಾರೆ, ಆ ಪದವೂ ಕೆಟ್ಟದ್ದೇನಲ್ಲ. ‘ನಂಜಿಕೊಳ್ಳು’ ಎಂಬ ರೂಪವೂ ಇದೆ, ಆದರೆ ಮದ್ಯದ ಪಕ್ಕದಲ್ಲಿ ‘ನಂಜು’ ಕಂಡರೆ ಓದುಗರು ಬೇರೆಯೇ ಅರ್ಥ ಮಾಡಿಕೊಂಡಾರು.

ಒಂದು ಮಿತಿ ಇದೆ. ಪಾನೀಯಕ್ಕೆ ಪಾನೀಯವನ್ನು ನೆಂಚಿಕೊಳ್ಳಲು ಬರುವುದಿಲ್ಲ, ಅಲ್ಲಿ ‘ಬೆರೆಸು’. 60 ಮಿ.ಲೀ. ಸಿಹಿ ವರ್ಮುತ್, ದೊಡ್ಡ ಐಸ್ ತುಂಡುಗಳು, 60 ಮಿ.ಲೀ. ಸೋಡಾ, ಕಿತ್ತಳೆಯ ಒಂದು ಬಿಲ್ಲೆ. ಸಣ್ಣ ಐಸ್ ಬೇಗ ಕರಗಿ ನೀರಾಗುತ್ತದೆ. ಕಿತ್ತಳೆಯ ಸಿಪ್ಪೆ ತೆಗೆಯಬೇಡಿ, ಬೇಕಾದದ್ದು ಅದರ ಎಣ್ಣೆಯೇ. ಕಾಂಪಾರಿ (ಕೆಂಪು ಬಣ್ಣದ ಕಹಿ ಮದ್ಯ) 30, ಸಿಹಿ ವರ್ಮುತ್ 30, ಮೇಲೆ ಸೋಡಾ ಹಾಕಿದರೆ ‘ಅಮೆರಿಕಾನೊ’. ಸೋಡಾ ಬದಲು 30 ಜಿನ್ ಹಾಕಿದರೆ ‘ನೆಗ್ರೋನಿ’. ಇವುಗಳಲ್ಲಿ ಮಾಮೂಲಿ ವರ್ಮುತ್ ಜಾಗದಲ್ಲಿ ಪುಂತ್ ಎ ಮೆಸ್ ಬಳಸಿದರೆ ಕಹಿ ಮೇಲೆದ್ದು ಕೂರುತ್ತದೆ, ಕಾಂಪಾರಿಯನ್ನು 20ಕ್ಕೆ ಇಳಿಸಿ.

ಎರಡೂ ಸಮಾನವಾಗಿದ್ದರೆ, ಉದಾಹರಣೆಗೆ ಊಟದ ಕೊನೆಯ ಕಿನಾತೊ–ಚಾಕೊಲೇಟ್, ‘ಒಪ್ಪು’ ಅಥವಾ ‘ಹೊಂದು’. ನಿಮ್ಮ ಲೇಖನದಲ್ಲಿ ಈ ಮೂರೂ ಬೇಕಾಗುತ್ತವೆ.

ಮೂಲದಲ್ಲಿ ಇಲ್ಲದಿದ್ದರೂ ಅಡಿಯಲ್ಲಿ ಒಂದು ಸಾಲು ಸೇರಿಸಿ: ಬಿರಡೆ ತೆಗೆದ ಮೇಲೆ ವರ್ಮುತ್ತನ್ನು ಫ್ರಿಜ್ಜಿನಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಬೇಕು. ರಮ್ಮಿನಂತೆ ಕಪಾಟಿನಲ್ಲಿಟ್ಟರೆ ಗಾಳಿ ತಾಗಿ ಪರಿಮಳ ಸತ್ತು, ಕಹಿ ಮಾತ್ರ ಉಳಿಯುತ್ತದೆ. ಆಮೇಲೆ ಏನು ನೆಂಚಿಕೊಂಡರೂ ಸರಿಹೋಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ತಿದ್ದಿದ ಸಾಲು: “ಸಿಹಿ ಕಡಿಮೆಯಿರುವ ಈ ನಾರುಬೇರಿನ ವೈನಿಗೆ ಉಪ್ಪಿನ ಆಲಿವ್ ನೆಂಚಿಕೊಂಡರೆ ಕಹಿ ಹದಕ್ಕೆ ಬರುತ್ತದೆ. ಸಿಂಕೋನಾ ತೊಗಟೆ ಹಾಕಿದ ಬರೋಲೊ ಕಿನಾತೊದಲ್ಲಿ ಒಗರೂ ಇರುವುದರಿಂದ ಅದಕ್ಕೆ ಒಪ್ಪುವುದು ಕಪ್ಪು ಚಾಕೊಲೇಟ್.” ‘ಸಿಹಿ ಕಡಿಮೆಯಿರುವ’ ಉದ್ದವಾಯಿತು, ‘ಅರೆಸಿಹಿ’ ಎನ್ನೋಣವೆಂದರೆ ಅದು 90 ರಿಂದ 130 ಗ್ರಾಂ ಸಕ್ಕರೆಯ ‘ಸೆಮಿ ಸ್ವೀಟ್’ಗೆ ಬೇಕು. ಉದ್ದವೇ ಇರಲಿ.