ಮೋಂಟೆ ಕ್ರಿಸ್ಟೋ: ರೋಮ್ ಬಂದ ಮೇಲೆ ಪುಟ ಮುಂದೆ ಹೋಗುತ್ತಿಲ್ಲ

ಪ್ರಶ್ನೆ: ಮಡಿಚಿದ ಪುಟ

ಫ್ರೆಂಚ್ ಲೇಖಕ ಅಲೆಕ್ಸಾಂಡರ್ ಡ್ಯೂಮಾನ ‘ದಿ ಕೌಂಟ್ ಆಫ್ ಮೋಂಟೆ ಕ್ರಿಸ್ಟೋ’ ಕಾದಂಬರಿ ಪೂರ್ತಿ ಓದಿದವರು ಯಾರಾದರೂ ಇದ್ದೀರಾ? ನಾನು ಆರು ವಾರದಿಂದ 34ನೇ ಅಧ್ಯಾಯದಲ್ಲೇ ನಿಂತಿದ್ದೇನೆ. ಇರುವುದು 117 ಅಧ್ಯಾಯ.

ಮೊದಲ 30 ಅಧ್ಯಾಯ ನಾಲ್ಕೇ ರಾತ್ರಿಯಲ್ಲಿ ಮುಗಿದಿದ್ದವು. ಎಡ್ಮಂಡ್ ಡಾಂಟೆಸ್‌ಗೆ 19 ವರ್ಷ. ಇನ್ನೇನು ಹಡಗಿನ ಕ್ಯಾಪ್ಟನ್ ಆಗಬೇಕು, ಇನ್ನೇನು ಮರ್ಸಿಡಿಸ್‌ನ ಮದುವೆಯಾಗಬೇಕು. ಊಟಕ್ಕೆ ಕೂತಿರುವಾಗಲೇ ಬಂದು ಹಿಡಿದುಕೊಂಡು ಹೋಗುತ್ತಾರೆ. ಯಾಕೆ ಅಂತ ಅವನಿಗೇ ಗೊತ್ತಿಲ್ಲ. ಮಾರ್ಸೇಲ್ಸ್ ಎದುರಿನ ಸಮುದ್ರದಲ್ಲಿರುವ ಷಾತೋ ದಿಫ್ ಕೋಟೆಯಲ್ಲಿ 14 ವರ್ಷ ಸೆರೆ. ಸಾಯಬೇಕು ಅಂತ ಊಟ ಬಿಟ್ಟು ಮಲಗಿದ್ದಾನೆ. ಆಗ ಗೋಡೆಯೊಳಗಿಂದ ಯಾರೋ ಕೆರೆಯುವ ಸದ್ದು!

ಪಾದ್ರಿ ಫಾರಿಯಾನ ಭಾಗ ನನಗೆ ಇಡೀ ಪುಸ್ತಕದಲ್ಲೇ ಜಾಸ್ತಿ ಇಷ್ಟ. ವರ್ಷಗಟ್ಟಲೆ ಸುರಂಗ ಕೊರೆದು, ಲೆಕ್ಕ ತಪ್ಪಿ, ಸಮುದ್ರದ ಬದಲು ಇನ್ನೊಬ್ಬ ಕೈದಿಯ ಕೋಣೆಗೆ ಬಂದು ತಲುಪುವ ಮುದುಕ. ಮೀನಿನ ತಲೆಯ ಮೂಳೆಯಿಂದ ಲೇಖನಿ ಮಾಡಿಕೊಂಡಿದ್ದಾನೆ. ಹೊಗೆಮಸಿಯನ್ನು ವೈನ್‌ನಲ್ಲಿ ಕಲಸಿ ಶಾಯಿ ಮಾಡಿಕೊಂಡಿದ್ದಾನೆ. ಅಂಗಿಯ ಬಟ್ಟೆಯ ಮೇಲೆ ಪುಸ್ತಕ ಬರೆದಿದ್ದಾನೆ. ಅವನು ಸತ್ತಾಗ ಎಡ್ಮಂಡ್ ಆ ಹೆಣದ ಚೀಲದೊಳಗೆ ತಾನು ಸೇರಿಕೊಳ್ಳುತ್ತಾನೆ. ಮಣ್ಣು ಮಾಡುತ್ತಾರೆ, ಅಗೆದು ಹೊರಗೆ ಬರೋಣ ಅಂತ ಅವನ ಲೆಕ್ಕ. ಅವರು ಕಾಲಿಗೆ 36 ಪೌಂಡಿನ ಗುಂಡು ಕಟ್ಟಿ ಸಮುದ್ರಕ್ಕೆ ಎಸೆಯುತ್ತಾರೆ. ಅದನ್ನು ಓದುವಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಆಮೇಲೆ 31ನೇ ಅಧ್ಯಾಯ ಬಂತು. ಒಂಬತ್ತು ವರ್ಷ ದಾಟಿ ಕಥೆ 1838ಕ್ಕೆ ಹೋಗಿದೆ. ಫ್ರಾಂಜ್, ಆಲ್ಬರ್ಟ್ ಅಂತ ಇಬ್ಬರು ಶ್ರೀಮಂತ ಹುಡುಗರು ರೋಮಿಗೆ ಕಾರ್ನಿವಲ್ ನೋಡಲು ಬಂದಿದ್ದಾರೆ. ಬಾಡಿಗೆಗೆ ಕುದುರೆಗಾಡಿ ಸಿಗುತ್ತಿಲ್ಲ ಅಂತ ಅವರ ಚಿಂತೆ. ಹೋಟೆಲಿನವನು ಯಾರೋ ದರೋಡೆಕೋರನ ಕಥೆ ಶುರು ಮಾಡುತ್ತಾನೆ, ಅದು ಮುಗಿಯುವುದೇ ಇಲ್ಲ. ನನ್ನ ಎಡ್ಮಂಡ್ ಎಲ್ಲಿ ಹೋದ? ಅಷ್ಟು ದಿನ ಅವನ ಎದೆಯೊಳಗೆ ಕೂತಿದ್ದೆ. ಈಗ ಅವನು ಕೌಂಟ್ ಅಂತ ಕರೆಸಿಕೊಳ್ಳುವ, ಬಿಳಿಚಿದ ಮುಖದ ಒಬ್ಬ ಅಪರಿಚಿತ ಸಾಹುಕಾರ. ಅವನ ಮನಸ್ಸಿನಲ್ಲಿ ಏನಿದೆ ಅಂತ ಡ್ಯೂಮಾ ಹೇಳುವುದೇ ಇಲ್ಲ.

ಸುಮ್ನೆ ಬಿಟ್ಟುಬಿಡಬಹುದಿತ್ತು. ಆದರೆ ಇದು ಅಪ್ಪನ ಪುಸ್ತಕ. ಅವರು ಒಂದೊಂದು ಅಧ್ಯಾಯ ಮುಗಿದಾಗಲೂ ಕೊನೆಯಲ್ಲಿ ಪೆನ್ಸಿಲಿನಿಂದ ತಾರೀಖು ಬರೆದಿಟ್ಟಿದ್ದಾರೆ. 33ರ ಕೊನೆಯಲ್ಲಿ ತಾರೀಖು ಇದೆ. 34ರಿಂದ ಪುಟಗಳೆಲ್ಲ ಖಾಲಿ. ಕೇಳಿದೆ. ‘ಓದಬೇಕು ಅಂತಿದ್ದೆ, ಆಗಲಿಲ್ಲ’ ಅಂದರು. ಅದನ್ನು ಹೇಳುವಾಗ ಅವರ ಮುಖ ನೋಡಿ ನನಗೆ ಬೇಜಾರಾಯಿತು. ಅವರು ನಿಂತ ಜಾಗದಲ್ಲೇ ನಾನೂ ನಿಲ್ಲಲು ಇಷ್ಟವಿಲ್ಲ. ದಾಟುವುದು ಹೇಗೆ? ಮುಂದೆ ಆ ಹಳೆಯ ಕಿಡಿ ಸಿಗುತ್ತದಾ? ದಯವಿಟ್ಟು ಕೊನೆ ಏನಾಗುತ್ತದೆ ಅಂತ ಹೇಳಬೇಡಿ.

ಉತ್ತರ: ಇರುಳೋದು

ನೀವು ನಿಂತಿರುವ ಜಾಗದಲ್ಲಿ ಬಹಳ ಜನ ನಿಲ್ಲುತ್ತಾರೆ. ಅದಕ್ಕೆ ಒಂದು ಕಾರಣವೂ ಇದೆ. ಡ್ಯೂಮಾ ಈ ಕಥೆಯನ್ನು ಮೊದಲು ಯೋಚಿಸಿದ್ದು ರೋಮಿನಿಂದಲೇ ಶುರು ಮಾಡಬೇಕು ಅಂತ. ಮಾರ್ಸೇಲ್ಸ್, ಸೆರೆಮನೆ ಎಲ್ಲ ಆಮೇಲೆ ಹಿಂದಿನ ಕಥೆಯಾಗಿ ಬರಬೇಕಿತ್ತು. ಅವನ ಜೊತೆ ಕೆಲಸ ಮಾಡುತ್ತಿದ್ದ ಆಗಸ್ಟ್ ಮಾಕೆ ಒಪ್ಪಲಿಲ್ಲ. ಎಲ್ಲಕ್ಕಿಂತ ಸ್ವಾರಸ್ಯದ ಭಾಗವನ್ನೇ ದಾಟಿ ಹೋಗುತ್ತಿದ್ದೀರಿ ಅಂದ. ಡ್ಯೂಮಾ ಯೋಚಿಸಿ ನೋಡಿದ, ಅವನ ಮಾತು ಸರಿ ಅನ್ನಿಸಿತು. ಹೀಗೆ ನಿಮಗೆ ಇಷ್ಟವಾದ ಆ 30 ಅಧ್ಯಾಯ ಮುಂದೆ ಬಂದು ಕೂತವು. ಅಂದರೆ ನೀವೀಗ ಓದುತ್ತಿರುವುದು ಮೊದಲು ಯೋಚಿಸಿದ್ದ ಕಾದಂಬರಿಯ ಬಾಗಿಲು. ಕಥೆ ಇಲ್ಲಿ ಎರಡನೇ ಸಲ ಹುಟ್ಟುತ್ತಿದೆ. ಹೊಸ ಊರು, ಹೊಸ ಮುಖ, ನಿಧಾನ. ಪುಸ್ತಕ ಕೆಟ್ಟಿತು ಅಂದುಕೊಳ್ಳಬೇಡಿ.

ಇನ್ನೊಂದು ಮಾತು. ಇದು 1844ರ ಆಗಸ್ಟಿನಿಂದ 1846ರ ಜನವರಿವರೆಗೆ ಪ್ಯಾರಿಸ್ಸಿನ ‘ಜುರ್ನಾಲ್ ದೆ ದೇಬಾ’ ಪತ್ರಿಕೆಯಲ್ಲಿ ಕಂತಾಗಿ ಬಂದದ್ದು. ಆ ಓದುಗರು ಕಂತು ಕಂತಾಗಿ, ನಡುವೆ ಕಾದು ಓದಿದರು. ನೀವು ನಾಲ್ಕು ರಾತ್ರಿಯಲ್ಲಿ 30 ಅಧ್ಯಾಯ ನುಂಗಿದ್ದೀರಿ. ಅದೇ ವೇಗ ಇಲ್ಲೂ ಬೇಕು ಅಂದರೆ ಆಗುವುದಿಲ್ಲ. ದಿನಕ್ಕೆ ಒಂದೇ ಅಧ್ಯಾಯ ಓದಿ, ಮುಚ್ಚಿಡಿ. ನಾನು ಹಾಗೆ ಓದಿದ್ದು. ರೋಮ್ ದಾಟಲು ಎಂಟು ದಿನ ಸಾಕಾಯಿತು.

ಉತ್ತರ: ಕಡಲಕಾಗೆ

ನಿಮಗೆ ಗೊತ್ತಾ, ನೀವು ಅತ್ಯಂತ ಒಳ್ಳೆಯ ಅಧ್ಯಾಯಕ್ಕೆ ಒಂದೇ ಹೆಜ್ಜೆ ಹಿಂದೆ ನಿಂತಿದ್ದೀರಿ! 35ನೇ ಅಧ್ಯಾಯ ಇವತ್ತೇ ಓದಿ.

ಅಲ್ಲಿ ಚೌಕದಲ್ಲಿ ಇಬ್ಬರಿಗೆ ಮರಣದಂಡನೆ. ಕೌಂಟ್ ಈ ಹುಡುಗರನ್ನು ಕಿಟಕಿಯ ಹತ್ತಿರ ಕರೆದುಕೊಂಡು ಬಂದು ನಿಲ್ಲಿಸುತ್ತಾನೆ. ಕೊನೆಯ ಗಳಿಗೆಯಲ್ಲಿ ಒಬ್ಬನಿಗೆ ಕ್ಷಮೆ ಸಿಗುತ್ತದೆ. ಅಲ್ಲಿಯವರೆಗೆ ಸಾವಿಗೆ ತಲೆಬಾಗಿ ನಡೆದು ಬಂದಿದ್ದ ಇನ್ನೊಬ್ಬ, ಅವನೊಬ್ಬ ಯಾಕೆ ಬದುಕಬೇಕು ಅಂತ ಕಿರುಚಾಡುತ್ತಾನೆ. ಫ್ರಾಂಜ್‌ಗೆ ನೋಡಲು ಆಗುವುದಿಲ್ಲ. ಕೌಂಟ್ ಕಣ್ಣು ಮಿಟುಕಿಸದೆ ನೋಡುತ್ತಾನೆ.

ಎಡ್ಮಂಡ್ ಎಲ್ಲಿ ಹೋದ ಅಂತ ಕೇಳಿದಿರಲ್ಲ, ಅಲ್ಲೇ ನಿಂತಿದ್ದಾನೆ. ಫ್ರಾಂಜ್‌ಗೆ ಕಾಣುವುದು ಕಲ್ಲಿನ ಮನಸ್ಸಿನ ಒಬ್ಬ ವಿಚಿತ್ರ ಮನುಷ್ಯ. ನಮಗೆ ಮಾತ್ರ ಆ 14 ವರ್ಷ ಗೊತ್ತು. ಡ್ಯೂಮಾ ಅವನ ಮನಸ್ಸನ್ನು ಹೇಳುವುದು ನಿಲ್ಲಿಸಿದ್ದು ಅದಕ್ಕೇ ಅಂತ ನನ್ನ ನಂಬಿಕೆ. ಇನ್ನು ಮೇಲೆ ಅವನ ಒಂದೊಂದು ಮಾತಿನ ಹಿಂದೆ ಏನಿದೆ ಅಂತ ನಾವೇ ಹುಡುಕಿಕೊಳ್ಳಬೇಕು. ನನಗೆ ಇದು ಅರ್ಥವಾಗಿದ್ದು ಎರಡನೇ ಸಲ ಓದಿದಾಗ. ಆಗಿನಿಂದ ರೋಮ್ ಭಾಗ ಬಹಳ ಇಷ್ಟವಾಗಿಬಿಟ್ಟಿದೆ.

ಹಾಗೇ 27ನೇ ಅಧ್ಯಾಯ ಒಮ್ಮೆ ತಿರುವಿ ಹಾಕಿ. ಎಡ್ಮಂಡ್‌ನ ಹಳೆಯ ನೆರೆಯವ ಕ್ಯಾಡರೂಸ್ ಹಳಬರೆಲ್ಲ ಏನಾದರು ಅಂತ ಹೇಳುತ್ತಾನಲ್ಲ, ಅಲ್ಲಿ. ಆ ಆಲ್ಬರ್ಟ್ ಯಾರ ಮಗ ಅಂತ ನೋಡಿಕೊಂಡು ವಾಪಸ್ ಬನ್ನಿ. ಕುದುರೆಗಾಡಿಯ ಮಾತೂ ಆಗ ಬೇರೆ ಥರ ಕೇಳಿಸುತ್ತದೆ.

ಉತ್ತರ: ಅರ್ಧಕ್ಕೆ ನಿಂತವಳು

ನಾನು ಒಪ್ಪುವುದಿಲ್ಲ. ರೋಮ್ ದಾಟಿದೆ, ಪ್ಯಾರಿಸ್ಸಿನಲ್ಲಿ ಮತ್ತೆ ಸಿಕ್ಕಿಹಾಕಿಕೊಂಡೆ. ಅಲ್ಲಿ ಎಲ್ಲರಿಗೂ ಎರಡೆರಡು ಹೆಸರು. ಹಳೆಯ ಶತ್ರುಗಳೆಲ್ಲ ಬಿರುದು ಹಾಕಿಕೊಂಡು ದೊಡ್ಡ ಮನುಷ್ಯರಾಗಿದ್ದಾರೆ, ಅವರ ಹೆಂಡಿರು ಮಕ್ಕಳು ಬೇರೆ. ಕೌಂಟ್ ಒಬ್ಬನೇ ಮೂರು ನಾಲ್ಕು ವೇಷ ಹಾಕುತ್ತಾನೆ. ಪೂರ್ತಿ ಪುಸ್ತಕ ಎಲ್ಲರಿಗೂ ಅಲ್ಲ. ಸಂಕ್ಷಿಪ್ತ ಆವೃತ್ತಿ ಓದಿ ಮುಗಿಸಿದೆ. ಕಥೆ ಸಿಕ್ಕಿತು, ಕೊನೆಯಲ್ಲಿ ಕಣ್ಣೀರೂ ಬಂತು. ಅದನ್ನು ಓದು ಅಲ್ಲ ಅನ್ನುವವರ ಮೇಲೆ ನನಗೆ ಕೋಪವಿದೆ.

ಪೂರ್ತಿಯೇ ಓದುತ್ತೀರಿ ಅಂದರೆ ಒಂದು ಚೀಟಿಯಲ್ಲಿ ಹಳೆಯ ಹೆಸರು, ಎದುರಿಗೆ ಹೊಸ ಹೆಸರು ಬರೆದು ಪುಸ್ತಕದಲ್ಲಿ ಇಟ್ಟುಕೊಳ್ಳಿ. ನಾನು ಮಾಡದೆ ಕೆಟ್ಟದ್ದು ಇದೊಂದೇ.

ಉತ್ತರ: ಕಡಲಕಾಗೆ

ಕೋಪ ಬೇಡ, ನೀವು ಓದಿದ್ದೂ ಓದೇ. ಆದರೆ ಕತ್ತರಿಸಿದ ಪುಸ್ತಕದಲ್ಲಿ ನ್ವಾರ್ತಿಯೆ ಎಷ್ಟು ಉಳಿದಿದ್ದಾನೆ? ಪಾರ್ಶ್ವವಾಯು ಹೊಡೆದು ಕಣ್ಣು, ಕಿವಿ ಬಿಟ್ಟು ಬೇರೇನೂ ಕೆಲಸ ಮಾಡದ ಆ ಅಜ್ಜ? ಮೊಮ್ಮಗಳು ಅಕ್ಷರಮಾಲೆ ಹೇಳುತ್ತಾ ಹೋಗುತ್ತಾಳೆ, ಬೇಕಾದ ಅಕ್ಷರಕ್ಕೆ ಅವನು ಕಣ್ಣಿನಿಂದಲೇ ಹೂಂ ಅನ್ನುತ್ತಾನೆ. ಆಮೇಲೆ ನಿಘಂಟಿನ ಪುಟದ ಮೇಲೆ ಅವಳ ಬೆರಳು ಇಳಿಯುತ್ತದೆ, ಸರಿಯಾದ ಪದ ಬಂದಾಗ ನಿಲ್ಲಿಸುತ್ತಾನೆ. ಬರೀ ಕಣ್ಣಿನಿಂದ ಒಂದು ಉಯಿಲು ಬರೆಸುತ್ತಾನೆ.

ಮತ್ತೆ 60, 61ನೇ ಅಧ್ಯಾಯದ ಟೆಲಿಗ್ರಾಫ್! ತಂತಿ ಬರುವ ಮುಂಚಿನದು. ಗೋಪುರದ ಮೇಲೆ ಮರದ ತೋಳುಗಳು, ಅವನ್ನು ಆಡಿಸಿ ಒಂದು ಗೋಪುರದಿಂದ ಇನ್ನೊಂದಕ್ಕೆ ಸುದ್ದಿ ದಾಟಿಸುವುದು. ಅದನ್ನು ಆಡಿಸುವವನಿಗೆ ಸಂದೇಶದ ಅರ್ಥವೇ ಗೊತ್ತಿಲ್ಲ. ಅವನ ಜೀವವೆಲ್ಲ ತನ್ನ ಪುಟ್ಟ ತೋಟದ ಮೇಲೆ, ಹಣ್ಣು ತಿಂದುಹೋಗುವ ಇಲಿಯಂಥ ಪ್ರಾಣಿಗಳ ಮೇಲೆ. ಕೌಂಟ್ ಅವನಿಗೆ 25,000 ಫ್ರಾಂಕ್ ಕೊಟ್ಟು ಒಂದೇ ಒಂದು ಸುಳ್ಳು ಸುದ್ದಿ ಕಳಿಸುತ್ತಾನೆ. ಯಾರ ಮೇಲೆ ಹೋಗಿ ಬೀಳುತ್ತದೆ ಅಂತ ಹೇಳುವುದಿಲ್ಲ. ಕತ್ತಿಯಿಲ್ಲ, ಓಟವಿಲ್ಲ. ಆದರೂ ಸಮುದ್ರಕ್ಕೆ ಎಸೆದಾಗ ಹೊಡೆದುಕೊಂಡಷ್ಟೇ ನನ್ನ ಎದೆ ಹೊಡೆದುಕೊಂಡಿತ್ತು.

ಉತ್ತರ: ಇರುಳೋದು

ಒಂದು ಕೇಳಲು ಮರೆತೆ. ನಿಮ್ಮದು ಯಾವ ಇಂಗ್ಲಿಷ್ ಅನುವಾದ? ಈಗಲೂ ಎಲ್ಲೆಡೆ ಮತ್ತೆ ಮತ್ತೆ ಅಚ್ಚಾಗುವುದು 1846ರ ಹಳೆಯ ಅನುವಾದ. ಅದರ ವಾಕ್ಯ ಉದ್ದ, ಮಾತು ಬಿಗಿ. ಮೊದಲ ಭಾಗದಲ್ಲಿ ಕಥೆಯ ವೇಗ ಅದನ್ನು ಮುಚ್ಚುತ್ತದೆ, ರೋಮಿನಲ್ಲಿ ಮುಚ್ಚುವುದಿಲ್ಲ. ರಾಬಿನ್ ಬಸ್ ಮಾಡಿದ ಅನುವಾದ 1996ರದು. ಅದೂ ಪೂರ್ತಿಯೇ, ಆದರೆ ಸಲೀಸಾಗಿ ಓದಿಸಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು: ಮಡಿಚಿದ ಪುಟ

ಎಲ್ಲರಿಗೂ ಧನ್ಯವಾದ. ಅಪ್ಪನದು ಹಳೆಯ ಅನುವಾದವೇ. ಬದಲಾಯಿಸುವುದಿಲ್ಲ, ಆ ತಾರೀಖುಗಳು ಇರುವುದು ಇದರಲ್ಲಿ ತಾನೇ.

ನಿನ್ನೆ ರಾತ್ರಿ 27 ಮತ್ತೆ ಓದಿದೆ. ಆಲ್ಬರ್ಟ್ ಹೆಸರು ಅಲ್ಲೇ ಇತ್ತು, ನಾನೇ ಮರೆತಿದ್ದೆ. ಮರ್ಸಿಡಿಸ್‌ನ ಮಗ! ಅದು ತಿಳಿದ ಮೇಲೆ 34 ಅರ್ಧ ಗಂಟೆಯಲ್ಲಿ ಮುಗಿಯಿತು. ಕೊನೆಯಲ್ಲಿ ಕೌಂಟ್ ಆ ಹುಡುಗನ ಎದುರು ಬಂದು ನಿಂತಾಗ ನನಗೆ ಒಳಗೊಳಗೇ ಭಯ.

ಇವತ್ತು 35 ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕಿಟಕಿಯ ಹತ್ತಿರ ಬಂದಾಗ ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೂತರು. ಮುಗಿದ ಮೇಲೆ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಪುಸ್ತಕ ತೆಗೆದುಕೊಂಡು ಹಿಂದಿನ ಅಧ್ಯಾಯದ ಕೊನೆಯ ಪುಟ ಹುಡುಕಿದರು. ‘34 ನಾನಿನ್ನೂ ಓದಿಲ್ಲ, ಮೊದಲು ಅದು ಓದು’ ಅಂದರು. ಪೆನ್ಸಿಲ್ ಅವರ ಜೇಬಿನಲ್ಲೇ ಇತ್ತು.

ಹೆಸರಿನ ಚೀಟಿ ಬರೆಯಲು ಶುರು ಮಾಡಿದ್ದೇನೆ. 60ಕ್ಕೆ ತಲುಪಿದಾಗ ಮತ್ತೆ ಬರುತ್ತೇನೆ.